ಕೆಟ್ಟ ಕಂಪ್ಯೂಟರ್ ಕೂಡ ಪಾಠ ಹೇಳುತ್ತದೆ

ಕಳೆದ ವರ್ಷ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಭೇಟಿ ನೀಡಿದ್ದೆ. ಮುಖ್ಯ ಶಿಕ್ಷಕರ ಕೊಠಡಿಯ ಮೂಲೆಯಲ್ಲಿ ಬಟ್ಟೆ ಹೊದಿಸಿದ ಕಂಪ್ಯೂಟರ್ ಇತ್ತು. ಬಟ್ಟೆ ಸರಿಸಿದರೆ ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಇನ್ನೂ ಹಾಗೆಯೇ ಇತ್ತು. "ಅದು ಕೆಟ್ಟು ಎರಡು ವರ್ಷ ಆಯ್ತು ಸರ್. ಆನ್ ಆಗುತ್ತೆ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಆಫ್ ಆಗುತ್ತೆ. ಮದರ್‌ಬೋರ್ಡ್ ಹೋಗಿದೆಯಂತೆ" ಎಂದರು ಮುಖ್ಯ ಶಿಕ್ಷಕರು. ಯಾರು ಬಂದು ನೋಡಿದರು ಎಂದು ಕೇಳಿದೆ. ಯಾರೂ ಬಂದಿರಲಿಲ್ಲ. ಫೋನಿನಲ್ಲಿ ಯಾರೋ ಹಾಗೆ ಹೇಳಿದ್ದರಂತೆ.

ರೋಗಿಯನ್ನು ನೋಡದೆ ಔಷಧಿ ಬರೆದುಕೊಡುವ ವೈದ್ಯರನ್ನು ನಾವು ನಂಬುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ನಂಬಿಬಿಡುತ್ತೇವೆ. ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ ಎಂದು ಕಪ್ಪುಹಲಗೆಯ ಮೇಲೆ ಬರೆಯುವ ನಾವೇ ಹೀಗೆ ಮಾಡಿದರೆ ಹೇಗೆ?

ಅಂದು ಏಳನೇ ತರಗತಿಯ ಮಕ್ಕಳನ್ನು ಕರೆದು ಗೋಡೆ ಗಡಿಯಾರದ ಮುಂದೆ ಕೂರಿಸಿದೆ. ಅವರ ಕೆಲಸ ಇಷ್ಟೇ: ಯಂತ್ರ ಎಷ್ಟು ಹೊತ್ತು ನಡೆಯುತ್ತದೆ ಎಂದು ಬರೆದುಕೊಳ್ಳುವುದು. ಮೊದಲ ಸಲ 11 ನಿಮಿಷ ನಡೆದು ಆಫ್ ಆಯಿತು. ಕೂಡಲೇ ಮತ್ತೆ ಹಾಕಿದೆವು. 3 ನಿಮಿಷಕ್ಕೇ ನಿಂತಿತು. ಬಿಸಿಯೂಟ ಮುಗಿಸಿ ಬಂದು ಹಾಕಿದಾಗ ಪುನಃ 11 ನಿಮಿಷ. ಮಕ್ಕಳು ಅಂಕಿಗಳನ್ನೇ ನೋಡುತ್ತಾ ಕುಳಿತರು. ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಬಿಸಿ ಆಗಿರ್ಬೇಕು ಸರ್. ನಮ್ಮ ತೋಟದ ಮೋಟ್ರೂ ಹಿಂಗೇ. ಕಾದ್ರೆ ಸ್ಟಾರ್ಟರ್ ಬಿದ್ದೋಗುತ್ತೆ, ಆರಿದ ಮೇಲೆ ಮತ್ತೆ ಹಿಡಿಯುತ್ತೆ" ಎಂದಳು.

ಅವಳ ಊಹೆ ಸರಿಯಾಗಿತ್ತು. ಸಡಿಲವಾದ ತಂತಿಯ ದೋಷವಾಗಿದ್ದರೆ ಯಂತ್ರ ಯಾವಾಗ ಬೇಕಾದರೂ ನಿಲ್ಲುತ್ತಿತ್ತು. ಹೀಗೆ ಲೆಕ್ಕ ಹಾಕಿ ನಿಲ್ಲುತ್ತಿರಲಿಲ್ಲ. ಪ್ರೊಸೆಸರಿನೊಳಗೆ ಉಷ್ಣತೆಯನ್ನು ಗಮನಿಸುವ ವ್ಯವಸ್ಥೆ ಇರುತ್ತದೆ. ಮಿತಿ ಮೀರಿದರೆ ಸುಟ್ಟುಹೋಗದಂತೆ ಯಂತ್ರ ತಾನೇ ಆಫ್ ಆಗುತ್ತದೆ. ಪ್ಲಗ್ ಕಿತ್ತು, ಪಕ್ಕದ ತಗಡು ತೆಗೆದು ನೋಡಿದೆ. ಪ್ರೊಸೆಸರಿನ ಮೇಲಿರುವ ಅಲ್ಯೂಮಿನಿಯಂ ಹೀಟ್‌ಸಿಂಕ್‌ನ ಸಂದುಗಳಲ್ಲಿ ಧೂಳು ಮತ್ತು ಸೀಮೆಸುಣ್ಣದ ಪುಡಿ ಗಟ್ಟಿಯಾಗಿ ಕೂತಿತ್ತು. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಒಣಗಿದ ಬಣ್ಣದ ಕುಂಚದಿಂದ ಧೂಳು ತೆಗೆದೆ. ಅಂದು ಶಾಲೆ ಬಿಡುವವರೆಗೂ ಕಂಪ್ಯೂಟರ್ ನಿಲ್ಲಲಿಲ್ಲ. ಎರಡು ವರ್ಷ ಆ ಮಕ್ಕಳು ಕಳೆದುಕೊಂಡದ್ದು ಒಂದು ಹಿಡಿ ಧೂಳಿಗಾಗಿ!

ಎಲ್ಲ ದೋಷಗಳೂ ಇಷ್ಟು ಸುಲಭವಲ್ಲ. ಆದರೆ ಎಲ್ಲಕ್ಕೂ ಒಂದು ಕ್ರಮವಿದೆ. ಯಂತ್ರ ಸತ್ತಂತೆ ಬಿದ್ದಿದ್ದರೆ ವಿದ್ಯುತ್ ಬರುವ ದಾರಿಯಲ್ಲೇ ನಾವೂ ನಡೆಯಬೇಕು. ಸಾಕೆಟ್‌ನಲ್ಲಿ ವಿದ್ಯುತ್ ಇದೆಯೇ? ಮೊಬೈಲ್ ಚಾರ್ಜರ್ ಹಾಕಿದರೆ ತಿಳಿಯುತ್ತದೆ. ಬಳಿಕ ಯುಪಿಎಸ್, ಅದರಿಂದ ಹೊರಡುವ ಕೇಬಲ್, ಪೆಟ್ಟಿಗೆಯ ಹಿಂಭಾಗದ ಚಿಕ್ಕ ಸ್ವಿಚ್. ಕರೆಂಟ್ ಹೋದ ಕ್ಷಣವೇ ಕಂಪ್ಯೂಟರೂ ನಿಂತರೆ ಯುಪಿಎಸ್ ಬ್ಯಾಟರಿಯನ್ನು ಸಂಶಯಿಸಬೇಕು. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ ಮಾನಿಟರ್ ಕೇಬಲ್ ಮತ್ತು ರ್‍ಯಾಮ್ ನೋಡಬೇಕು. ಪ್ರತಿದಿನ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂತಹ 3 ವೋಲ್ಟ್ ಬ್ಯಾಟರಿ ಮುಗಿದಿರುತ್ತದೆ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಇನ್ನೊಂದು ಶಾಲೆಯಲ್ಲಿ ಅವಸರದಲ್ಲಿ ಕೇಬಲ್ ಬದಲಿಸಿದೆ, ರ್‍ಯಾಮ್ ಕಿತ್ತು ಒರೆಸಿ ಹಾಕಿದೆ, ಸಾಕೆಟ್ಟನ್ನೂ ಬದಲಾಯಿಸಿದೆ. ಕಂಪ್ಯೂಟರ್ ಆನ್ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ವಾರ ಕಳೆಯುವಷ್ಟರಲ್ಲಿ ಮತ್ತೆ ಸುಮ್ಮನಾಯಿತು. ಮೂರರಲ್ಲಿ ಯಾವುದು ಕಾರಣವಾಗಿತ್ತೆಂದು ನನಗೇ ತಿಳಿದಿರಲಿಲ್ಲ. ಒಮ್ಮೆಗೆ ಒಂದೇ ಬದಲಾವಣೆ ಎಂಬ ನಿಯಮವನ್ನು ಎಂ.ಎಸ್ಸಿ. ಓದಿದವನು ಮರೆತಿದ್ದೆ.

"ವಿದ್ಯುತ್ತಿನ ವಿಷಯ, ಮಕ್ಕಳಿಗೆ ಅಪಾಯವಲ್ಲವೇ?" ಎಂದು ಕೆಲವು ಶಿಕ್ಷಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಒಂದು ಗೆರೆ ಎಳೆದುಕೊಳ್ಳೋಣ. ನೋಡುವುದು, ಕೇಳುವುದು, ಸಮಯ ಅಳೆಯುವುದು, ಬರೆದಿಡುವುದು ಮಕ್ಕಳ ಕೆಲಸ. ತಗಡು ತೆಗೆಯುವುದು ಶಿಕ್ಷಕರ ಕೆಲಸ, ಅದೂ ಪ್ಲಗ್ ಕಿತ್ತ ಮೇಲೆ. ಶಟ್‌ಡೌನ್ ಮಾಡಿದರೆ ಸಾಲದು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾದರಿಯ ಕಂಪ್ಯೂಟರುಗಳಲ್ಲಿ, ಯಂತ್ರ ಆಫ್ ಆಗಿದ್ದರೂ ಪ್ಲಗ್ ಮತ್ತು ಸ್ವಿಚ್ ಹಾಕಿರುವವರೆಗೆ ಮದರ್‌ಬೋರ್ಡಿಗೆ 5 ವೋಲ್ಟ್ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಇನ್ನು ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯನ್ನು ಶಾಲೆಯಲ್ಲಿ ಯಾರೂ ಬಿಚ್ಚಲೇಬಾರದು. ಮನೆಯ 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್ ನೇರ ವಿದ್ಯುತ್ತಾಗಿ ಬದಲಿಸುವುದು ಅದೇ. ಅದರೊಳಗಿನ ಕೆಪಾಸಿಟರುಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು. ಸುಟ್ಟ ವಾಸನೆ ಅಥವಾ ಕಿಡಿ ಕಂಡರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ ಕರೆಸಿ.

ನಿಜವಾದ ಅಡ್ಡಿ ವಿದ್ಯುತ್ತಿನ ಭಯವಲ್ಲ, ದಾಸ್ತಾನು ವಹಿಯ ಭಯ ಎಂಬುದು ನನ್ನ ಅನಿಸಿಕೆ. ಬಟ್ಟೆ ಹೊದ್ದು ಹಾಳಾದ ಕಂಪ್ಯೂಟರಿಗೆ ಯಾರೂ ಕಾರಣ ಕೇಳುವುದಿಲ್ಲ. ಮಕ್ಕಳ ಕೈಯಲ್ಲಿ ಕೆಟ್ಟರೆ ಎಲ್ಲರೂ ಕೇಳುತ್ತಾರೆ. ಹೀಗಿರುವಾಗ ಶಿಕ್ಷಕರು ಬೀಗ ಹಾಕಿದರೆ ಅವರನ್ನು ಮಾತ್ರ ದೂರುವುದು ಸರಿಯಲ್ಲ. ಬಳಸಿ ಕೆಟ್ಟದ್ದು ತಪ್ಪಲ್ಲ, ಬಳಸದೆ ಕೆಡಿಸಿದ್ದೇ ತಪ್ಪು ಎಂದು ಮೇಲಿನವರು ಬಾಯಿಬಿಟ್ಟು ಹೇಳಬೇಕು. ಕ್ಲಸ್ಟರಿಗೊಂದು ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್ ಸೆಟ್ ಕೊಟ್ಟರೆ ಅರ್ಧ ಕೆಲಸ ಆದಂತೆ.

ಅಷ್ಟರವರೆಗೆ ಕಾಯಬೇಕಿಲ್ಲ. ಕಂಪ್ಯೂಟರ್ ಪಕ್ಕದಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇಡಿ. ಯಾವತ್ತು ಏನಾಯಿತು, ಎಷ್ಟು ನಿಮಿಷ ನಡೆಯಿತು, ಏನು ಬದಲಿಸಿದಿರಿ ಎಂದು ಮಕ್ಕಳಿಂದಲೇ ಬರೆಸಿ. ನಾಳೆ ಮೆಕ್ಯಾನಿಕ್ ಬಂದರೆ ಅವರಿಗೂ ಅದೇ ದಾರಿ ತೋರಿಸುತ್ತದೆ. ಆ ಹುಡುಗಿಗೆ ಪ್ರೊಸೆಸರ್ ಎಂದರೇನೆಂದು ಗೊತ್ತಿರಲಿಲ್ಲ. ಆದರೆ ತೋಟದ ಮೋಟರನ್ನು ಗಮನವಿಟ್ಟು ನೋಡಿದ್ದಳು. ನಮ್ಮ ಶಾಲೆಗಳಲ್ಲಿ ಅಂಥ ಕಣ್ಣುಗಳಿಗೆ ಬರವಿಲ್ಲ. ಬಟ್ಟೆ ಸರಿಸುವ ಕೈ ಬೇಕು, ಅಷ್ಟೇ.