ಪೆಂಡಾಲಿಗೆ ಬಂದವರು ಗ್ಯಾಲರಿಗೆ ಯಾಕೆ ಬರುವುದಿಲ್ಲ?

ದಕ್ಷಿಣ ಬೆಂಗಳೂರಿನ ಬೇಸಿಗೆಗೆ ತನ್ನದೇ ಒಂದು ಕಲಾಪಂಚಾಂಗವಿದೆ. ಯುಗಾದಿ ಕಳೆದು ರಾಮನವಮಿ ಹತ್ತಿರವಾದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಪೆಂಡಾಲು ಏಳುತ್ತದೆ. ಎಸ್.ವಿ. ನಾರಾಯಣಸ್ವಾಮಿ ರಾವ್ ತಮ್ಮ ಹದಿಹರೆಯದಲ್ಲೇ, 1939ರಲ್ಲಿ, ಶುರುಮಾಡಿದ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವ ಇವತ್ತಿಗೂ ಬೇಸಿಗೆಯ ಸಂಜೆಗಳನ್ನು ತುಂಬುತ್ತದೆ. ನಾಟಕ ಬೇಕೆನ್ನುವವರಿಗೆ 2004ರಿಂದ ಜೆ.ಪಿ. ನಗರದಲ್ಲಿ ರಂಗಶಂಕರವಿದೆ. ಸಿನಿಮಾವನ್ನು ಗಂಭೀರವಾಗಿ ನೋಡುವವರಿಗೆ ಬನಶಂಕರಿಯಲ್ಲಿ ಸುಚಿತ್ರಾ ಇದೆ. ಅದರ ಫಿಲ್ಮ್ ಸೊಸೈಟಿ ಹುಟ್ಟಿದ್ದು 1971ರಲ್ಲಿ. ಹೀಗೆ ಗಿರಿನಗರದಲ್ಲಿ ಮನೆ ಮಾಡಿಕೊಂಡವರಿಗೆ ಸಂಗೀತ, ನಾಟಕ, ಸಿನಿಮಾ ಮೂರೂ ಆಟೋ ದೂರದಲ್ಲಿವೆ.

ಚಿತ್ರ ಮತ್ತು ಶಿಲ್ಪದ ಮಾತು ಬಂದಾಗ ಮಾತ್ರ ಊರು ದಾಟಬೇಕು. ವೆಂಕಟಪ್ಪ ಚಿತ್ರಶಾಲೆ ಇರುವುದು ಕಸ್ತೂರಬಾ ರಸ್ತೆಯಲ್ಲಿ. 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಸಂಗ್ರಹಾಲಯವೂ ಅಲ್ಲೇ. 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿದೆ, ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ. ಬೇಸಿಗೆ ರಜೆಯಲ್ಲಿ ನಮ್ಮ ಬಡಾವಣೆಗಳಲ್ಲಿ ಚಿತ್ರಕಲೆಯ ಹೆಸರು ಕೇಳಿಬರುವುದು ಮಕ್ಕಳ ಶಿಬಿರದ ಕರಪತ್ರಗಳಲ್ಲಿ. ಹನ್ನೆರಡು ದಾಟಿದವರಿಗೂ ಕಣ್ಣಿದೆ ಎಂಬುದು ಯಾರ ಲೆಕ್ಕದಲ್ಲೂ ಇದ್ದಂತಿಲ್ಲ.

ಇದಕ್ಕೆ ಸಿದ್ಧ ಉತ್ತರವೊಂದಿದೆ: ಸಮಕಾಲೀನ ಕಲೆ ಜನಕ್ಕೆ ಅರ್ಥವಾಗುವುದಿಲ್ಲ. ನನಗೆ ಈ ಉತ್ತರದ ಮೇಲೆಯೇ ಅನುಮಾನ. ಪೆಂಡಾಲಿನಲ್ಲಿ ಕೂತವರಲ್ಲಿ ರಾಗದ ಆರೋಹಣ ಅವರೋಹಣ ಹೇಳಬಲ್ಲವರು ಎಷ್ಟು ಮಂದಿ? ಆದರೂ ‘ಇವತ್ತು ತನಿ ಸ್ವಲ್ಪ ಜಾಸ್ತಿಯಾಯಿತು’, ‘ಹೋದ ವರ್ಷದ ಕಾಂಬೋಧಿಯೇ ಚೆನ್ನಾಗಿತ್ತು’ ಎಂದು ಹೊರಗೆ ಬರುತ್ತ ಧೈರ್ಯವಾಗಿ ತೀರ್ಪು ಕೊಡುತ್ತಾರೆ. ಆ ಧೈರ್ಯ ಶಾಸ್ತ್ರ ಓದಿ ಬಂದದ್ದಲ್ಲ. ಪ್ರತಿ ವರ್ಷ, ಅದೇ ಋತುವಿನಲ್ಲಿ, ನಡೆದು ಹೋಗಬಹುದಾದ ಜಾಗದಲ್ಲಿ ಕೇಳಿ ಕೇಳಿ ಬಂದದ್ದು. ಜೊತೆಗೆ, ಉತ್ಸವ ನಡೆಸುವವರು ಗೊತ್ತಿರುವ ಮುಖಗಳು. ಕಳಪೆಯಾಗಿದ್ದರೆ ಕಾರ್ಯದರ್ಶಿಯನ್ನೇ ತಡೆದು ಕೇಳಬಹುದು. ಸಾಮೀಪ್ಯ, ಪುನರಾವರ್ತನೆ, ಕೇಳುವ ಹಕ್ಕು: ರಸಿಕರನ್ನು ತಯಾರು ಮಾಡಿದ್ದು ಈ ಮೂರು. ಚಿತ್ರಕಲೆಗೆ ಈ ಮೂರರಲ್ಲಿ ಒಂದನ್ನೂ ಒದಗಿಸದೆ ಜನಕ್ಕೆ ಅರ್ಥವಾಗುವುದಿಲ್ಲ ಎನ್ನುವುದು ನ್ಯಾಯವಲ್ಲ.

ಸಂಗೀತಕ್ಕೆ ಭಕ್ತಿಯ ಬೆಂಬಲವಿದೆ, ದಾಸರ ಪದಗಳು ಎಲ್ಲರ ಕಿವಿಯಲ್ಲಿವೆ, ಇನ್‌ಸ್ಟಲೇಷನ್‌ಗೆ ಅಂಥ ಯಾವ ಆಸರೆಯೂ ಇಲ್ಲ ಎಂದು ವಾದಿಸಬಹುದು. ವಾದದಲ್ಲಿ ತೂಕವಿದೆ. ಆದರೆ ಆಸರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಇಟ್ಟಾಗ ಯಾರೂ ಅರ್ಥ ಕೇಳಲಿಲ್ಲ. 2019ರಲ್ಲಿ ಅವರು ಹೇರೋಹಳ್ಳಿಯ ಗುಂಡಿಬಿದ್ದ ರಸ್ತೆಯನ್ನೇ ಚಂದ್ರನ ನೆಲ ಮಾಡಿ ಗಗನಯಾತ್ರಿಯನ್ನು ನಡೆಸಿದಾಗ ಆ ವಿಡಿಯೊ ಜಗತ್ತನ್ನೇ ಸುತ್ತಿತು. ಅದು ಅಪ್ಪಟ ಸಮಕಾಲೀನ ಕಲೆ. ಅದರ ವ್ಯಾಕರಣ ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸುವ ಪ್ರತಿಯೊಬ್ಬರ ಬೆನ್ನುಮೂಳೆಗೆ ಗೊತ್ತಿತ್ತು. ಕಲಾವಿದೆ ಶೀಲಾ ಗೌಡ ಸಗಣಿಯಿಂದ ಕೃತಿಗಳನ್ನು ಮಾಡಿದಾಗಲೂ ಅಷ್ಟೇ. ಆ ವಸ್ತುವಿನ ವಾಸನೆ, ಮಡಿ, ಉಪಯೋಗಗಳ ಬಗ್ಗೆ ಪರದೇಶದ ವಿಮರ್ಶಕನಿಗಿಂತ ನಮ್ಮ ಓಣಿಯ ಅಜ್ಜಿಗೆ ಹೆಚ್ಚು ಗೊತ್ತು. ಆದರೆ ಆ ಅಜ್ಜಿಯೂ ಆ ಕೃತಿಯೂ ಒಂದೇ ಕೋಣೆಯಲ್ಲಿ ಸೇರುವ ಏರ್ಪಾಡು ಇಲ್ಲ.

ಆ ಏರ್ಪಾಡನ್ನೇ ನಾನು ಬಡಾವಣೆಯ ಕಲಾಸಂಗ್ರಹಾಲಯ ಎನ್ನುವುದು. ಇದು ಎಲ್ಲೂ ಇಲ್ಲದ ಕಲ್ಪನೆಯೇನಲ್ಲ. 1967ರಲ್ಲಿ ವಾಷಿಂಗ್ಟನ್ನಿನ ಅನಕೋಸ್ಟಿಯಾ ಎಂಬ ಕಪ್ಪುಜನರ ಬಡಾವಣೆಯಲ್ಲಿ, ಹಳೆಯ ಸಿನಿಮಾ ಥಿಯೇಟರೊಂದರಲ್ಲಿ, ಸ್ಮಿತ್‌ಸೋನಿಯನ್ ಸಂಸ್ಥೆ ನೆರೆಹೊರೆಯ ಸಂಗ್ರಹಾಲಯ ತೆರೆಯಿತು. ನಿರ್ದೇಶಕ ಜಾನ್ ಕಿನಾರ್ಡ್ ಅದೇ ನಗರದ ಸಮುದಾಯ ಕಾರ್ಯಕರ್ತ. 1969ರಲ್ಲಿ ಅಲ್ಲಿ ನಡೆದ ಒಂದು ಪ್ರದರ್ಶನದ ವಸ್ತು ಇಲಿ, ಆ ಬಡಾವಣೆಯ ಮನೆಮನೆಯ ಕಾಟ. ದೊಡ್ಡ ಸಂಗ್ರಹಾಲಯದ ಯಾವ ಕ್ಯುರೇಟರನಿಗೂ ಹೊಳೆಯದ ವಿಷಯ ಅಲ್ಲಿ ಹೊಳೆಯಿತು; ಯಾಕೆಂದರೆ ಏನು ತೋರಿಸಬೇಕೆಂಬ ಪ್ರಶ್ನೆಯನ್ನು ಅಲ್ಲಿ ವಾಸಿಸುವವರ ಮುಂದಿಟ್ಟಿದ್ದರು.

ನಮ್ಮ ಇಲಿ ಯಾವುದು ಎಂದು ಹುಡುಕುವುದು ಕಷ್ಟವಲ್ಲ. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದವು, ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಯಿತು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ಗಿರಿನಗರದ ಒಂದು ಬದಿಗೆ ಹೊಸಕೆರೆಹಳ್ಳಿ ಕೆರೆ. ಇನ್ನೊಂದು ಬದಿಗೆ, ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿತೆನ್ನುವ ವೃಷಭಾವತಿ ಕೊಳಚೆಯಾಗಿ ಮೈಸೂರು ರಸ್ತೆಯ ಪಕ್ಕ ಹರಿಯುತ್ತಾಳೆ. ಬಡಾವಣೆಯ ಹಳೆಯ ನಿವೇಶನ ನಕ್ಷೆಗಳು, ಬಾವಿ ಇದ್ದ ಕಾಲದ ಕುಟುಂಬದ ಫೋಟೋಗಳು, ಟ್ಯಾಂಕರ್ ಚಾಲಕರ ದನಿಮುದ್ರಿಕೆಗಳು, ಇವುಗಳ ನಡುವೆ ಮೂರು ನಾಲ್ಕು ಕಲಾವಿದರ ಹೊಸ ಕೃತಿಗಳು. ಒಂದು ಬೇಸಿಗೆಗೆ ಇಷ್ಟು ಸಾಕು.

ಮುಂದಿನ ಆಕ್ಷೇಪಣೆ ಗುಣಮಟ್ಟದ್ದು. ಬಡಾವಣೆಯವರ ಕೈಗೆ ಗೋಡೆ ಕೊಟ್ಟರೆ ಸೂರ್ಯಾಸ್ತ, ಜೋಡಿ ನವಿಲು ಮತ್ತು ಸಮಿತಿ ಸದಸ್ಯರ ಸೊಸೆಯ ತಂಜಾವೂರು ಚಿತ್ರಗಳೇ ತುಂಬಿಕೊಳ್ಳುತ್ತವೆ ಎಂಬ ಭಯ ಸುಳ್ಳೇನಲ್ಲ. ಹಾಗೆಂದು ಆಯ್ಕೆಯನ್ನು ಪರಿಣತರಿಗೇ ಒಪ್ಪಿಸಿ ಕೈತೊಳೆದುಕೊಂಡರೆ ಕಸ್ತೂರಬಾ ರಸ್ತೆಯ ಶಾಖಾ ಕಚೇರಿಯಾಗುತ್ತದೆ ಅಷ್ಟೆ. ಲಂಡನ್ನಿನ ರಾಯಲ್ ಅಕಾಡೆಮಿ 1769ರಿಂದ ಒಂದು ವರ್ಷವೂ ತಪ್ಪಿಸದೆ ನಡೆಸುತ್ತ ಬಂದಿರುವ ಬೇಸಿಗೆ ಪ್ರದರ್ಶನದಲ್ಲಿ ಇದಕ್ಕೊಂದು ದಾರಿ ಕಾಣುತ್ತದೆ. ಅಲ್ಲಿಗೆ ಯಾರು ಬೇಕಾದರೂ ಕೃತಿ ಕಳಿಸಬಹುದು. ಆರಿಸುವವರು ಮಾತ್ರ ಕಲಾವಿದರು. ಹೆಸರಾದವರ ಪಕ್ಕದಲ್ಲೇ ಅನಾಮಿಕರ ಕೃತಿಯೂ ತೂಗುತ್ತದೆ. ನಮ್ಮಲ್ಲೂ ಕೆಲಸ ಹೀಗೆ ಹಂಚಿಹೋಗಲಿ: ವಿಷಯ ಬಡಾವಣೆಯದು, ಆಯ್ಕೆ ಕಲಾವಿದರದು, ಆಯ್ಕೆಗೆ ಕಾರಣವನ್ನು ನಿವಾಸಿಗಳ ಸಭೆಯಲ್ಲಿ ಕನ್ನಡದಲ್ಲಿ ಹೇಳುವ ಹೊಣೆಯೂ ಕಲಾವಿದರದೇ. ಕಾರಣ ಹೇಳಬೇಕಾದ ಕಡೆ ಸೊಸೆಯ ನವಿಲೂ ಸುಲಭವಾಗಿ ನುಸುಳುವುದಿಲ್ಲ, ಟೊಳ್ಳು ಪಾಂಡಿತ್ಯವೂ ನುಸುಳುವುದಿಲ್ಲ.

ಜಾಗವೆಲ್ಲಿ, ದುಡ್ಡೆಲ್ಲಿ? ರಾಮನವಮಿಯ ಪೆಂಡಾಲು ಎದ್ದದ್ದು ಶಾಲೆಯ ಮೈದಾನದಲ್ಲಿ ಎಂಬುದನ್ನು ಗಮನಿಸಿ. ಏಪ್ರಿಲ್ ಮೇ ತಿಂಗಳಲ್ಲಿ ಶಾಲೆಯ ಕೊಠಡಿಗಳು ಖಾಲಿ. ಗೋಡೆಯೂ ಫ್ಯಾನೂ ಕಾವಲುಗಾರನೂ ಅಲ್ಲಿ ಮೊದಲೇ ಇವೆ. ಇನ್ನು ಖರ್ಚನ್ನು ನೂರು ಇನ್ನೂರು ಮನೆಗಳು ಸಣ್ಣ ವಂತಿಗೆಯಲ್ಲಿ ಹೊರುವುದು ಗಣಪತಿ ಕೂರಿಸುವ ಬಡಾವಣೆಗಳಿಗೆ ಕಲಿಸಬೇಕಾದ ವಿದ್ಯೆಯಲ್ಲ. ಆದರೆ ಪ್ರದರ್ಶನ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಕಳಿಸಿಬಿಟ್ಟರೆ ಅದು ಸಂಗ್ರಹಾಲಯವಾಗದು. ವರ್ಷಕ್ಕೊಂದು ಕೃತಿಯನ್ನಾದರೂ ವಂತಿಗೆಯ ಹಣದಲ್ಲಿ ಕೊಂಡು ಉಳಿಸಿಕೊಳ್ಳಬೇಕು. ಹತ್ತು ಬೇಸಿಗೆಗೆ ಹತ್ತು ಕೃತಿ. ಅವುಗಳನ್ನು ನೋಡಿದರೆ ಈ ಬಡಾವಣೆ ಯಾವ ಯಾವ ವರ್ಷ ಯಾವುದರ ಬಗ್ಗೆ ತಲೆಕೆಡಿಸಿಕೊಂಡಿತ್ತು ಎಂದು ತಿಳಿಯಬೇಕು.

ಇದು ಬರೀ ಅಭಿರುಚಿಯ ಪ್ರಶ್ನೆಯಲ್ಲ. 2015ರಲ್ಲಿ ಸರ್ಕಾರ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡಲು ಒಪ್ಪಂದ ಮಾಡಿಕೊಂಡಾಗ ಕಲಾವಿದರು ಬೀದಿಗಿಳಿದರು, ಕೊನೆಗೆ ಒಪ್ಪಂದವನ್ನು ಕೈಬಿಡಬೇಕಾಯಿತು. ಗೆಲುವು ದೊಡ್ಡದೇ. ಆದರೆ ಹೋರಾಟ ಬಹುಮಟ್ಟಿಗೆ ಕಲಾವಲಯದ ಹೋರಾಟವಾಗಿಯೇ ಉಳಿಯಿತು. ಸಾರ್ವಜನಿಕ ಆಸ್ತಿ ಎಂದು ಕಾಗದದಲ್ಲಿ ಬರೆದ ಮಾತ್ರಕ್ಕೆ ಸಾರ್ವಜನಿಕರು ಅದರ ಹಿಂದೆ ನಿಲ್ಲುವುದಿಲ್ಲ. ತಮ್ಮ ಮಾತು ನಡೆದ ಜಾಗಕ್ಕಷ್ಟೇ ಅವರು ನಿಲ್ಲುವುದು. ಕೋಟೆ ಮೈದಾನದ ಪೆಂಡಾಲು ಇರಕೂಡದು ಎಂದು ನಾಳೆ ಯಾರಾದರೂ ಹೇಳಿ ನೋಡಲಿ.

ಆದ್ದರಿಂದ ಮೊದಲ ವರ್ಷದ ಪ್ರದರ್ಶನಕ್ಕೆ ಎಷ್ಟು ಜನ ಬಂದರು ಎಂಬ ಲೆಕ್ಕವನ್ನು ನಾನು ಹೆಚ್ಚು ನಂಬುವುದಿಲ್ಲ. ಉದ್ಘಾಟನೆಯ ದಿನ ಕಾಫಿ ಇದ್ದರೆ ಜನ ಬರುತ್ತಾರೆ. ಮೂರನೆಯ ಬೇಸಿಗೆಯ ಹೊತ್ತಿಗೆ ಯಾರಾದರೂ ಪಾರ್ಕಿನ ಬೆಂಚಿನ ಮೇಲೆ ‘ಹೋದ ಸಲದ್ದೇ ವಾಸಿ, ಈ ಸಲ ಆರಿಸಿದವರಿಗೆ ಕಣ್ಣಿಲ್ಲ’ ಎಂದು ಜಗಳ ತೆಗೆದರೆ ಗಿರಿನಗರದ ಸಂಗ್ರಹಾಲಯ ಗಿರಿನಗರದವರದ್ದಾಯಿತು ಎಂದೇ ಲೆಕ್ಕ. ಆ ಜಗಳ ಹುಟ್ಟದಿದ್ದರೆ ಗೋಡೆಗೆ ಎಂಥ ಶ್ರೇಷ್ಠ ಕೃತಿ ತೂಗುಹಾಕಿದರೂ ಅದು ಇನ್ನೊಬ್ಬರ ಮನೆಯ ಗೋಡೆಯೇ.