ಮಲೆನಾಡಿನ ಮನೆಯಲ್ಲಿ ಒಂದು ಪುಟ್ಟ ಕಡಲು

ದೇವರಮನೆಯಲ್ಲಿ ಕಾಲಭೈರವೇಶ್ವರನ ದರ್ಶನ ಮುಗಿಸಿ ಗುಡ್ಡದ ಅಂಚಿಗೆ ಬಂದು ನಿಂತರೆ, ಮಂಜು ಸರಿದ ಹೊತ್ತಿನಲ್ಲಿ ಪಡುವಣ ಕಣಿವೆಗಳು ಒಂದರ ಹಿಂದೊಂದು ಇಳಿಯುವುದು ಕಾಣುತ್ತದೆ. ಅದರಾಚೆ ಕರಾವಳಿ. ಬೇಸಿಗೆಯ ರಜೆಯಲ್ಲಿ ಅಲ್ಲಿ ನಿಂತ ನಮ್ಮ ಮೊಮ್ಮಗನು, "ಅಜ್ಜಾ, ಕಡಲನ್ನು ನಮ್ಮ ಮನೆಗೇ ತರಬಹುದಲ್ಲ?" ಎಂದು ಕೇಳಿದನು. ಪೇಟೆಯ ಗೆಳೆಯನ ಮನೆಯ ಗಾಜಿನ ತೊಟ್ಟಿಯಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟಿಯುಳ್ಳ ಕ್ಲೌನ್ ಮೀನುಗಳನ್ನು ಕಂಡಂದಿನಿಂದ ಅವನಿಗೆ ಅದೇ ಧ್ಯಾನ. ಮಗುವಿನ ಆಸೆಯೆಂದು ನಾವು ಒಪ್ಪಿದೆವು. ಭಾನುವಾರ ತೊಟ್ಟಿ ಬಂದಿತು, ಬುಧವಾರ ಎರಡು ಮೀನುಗಳು ಬಂದವು, ಹತ್ತನೆಯ ದಿನಕ್ಕೆ ಎರಡೂ ಸತ್ತವು.

"ನೀರು ತಿಳಿಯಾಗಿಯೇ ಇತ್ತಲ್ಲ ಅಜ್ಜಾ?" ಎಂದು ಹುಡುಗನು ಕಣ್ಣೀರಿಟ್ಟನು. ಆ ಪ್ರಶ್ನೆಗೆ ಉತ್ತರ ಹುಡುಕುವಾಗ ತಿಳಿದುದನ್ನೇ ಈ ತಿಂಗಳು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ತಿಳಿಯಾದ ನೀರೆಲ್ಲ ಶುದ್ಧವಾದ ನೀರಲ್ಲ. ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯಕ್ಕೆ ಬಣ್ಣವಿಲ್ಲ. ಆದರೆ ಅದು ಮೀನಿಗೆ ವಿಷ. ಕಣ್ಣಿಗೆ ಕಾಣದ ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಮತ್ತೊಂದು ಬಗೆಯವು ನೈಟ್ರೈಟನ್ನು ಅಷ್ಟಾಗಿ ಕೆಡುಕಿಲ್ಲದ ನೈಟ್ರೇಟ್ ಆಗಿಸುತ್ತವೆ. ಈ ಜೀವಾಣುಗಳು ಕಲ್ಲು, ಮರಳು, ಶೋಧಕಗಳಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಾವು ಕೊಟ್ಟದ್ದು ಮೂರು ದಿನ. ಮೀನುಗಳನ್ನು ಕೊಂದದ್ದು ನಮ್ಮ ಆತುರವೇ.

ಎರಡನೆಯ ಸಲ ಕ್ರಮವರಿತು ತೊಡಗಿದೆವು. ತೊಟ್ಟಿ ದೊಡ್ಡದಾದಷ್ಟೂ ನೀರಿನ ಗುಣ ಬೇಗ ಏರುಪೇರಾಗದು. ಹೊಸಬರಿಗೆ 100 ಲೀಟರಿಗೆ ಕಡಿಮೆಯದು ಬೇಡ. ನೀರೊಂದೇ 100 ಕಿಲೋ ತೂಗುವುದರಿಂದ ಗಟ್ಟಿಯಾದ ಪೀಠ ಅಗತ್ಯ. ಅಡುಗೆಯ ಉಪ್ಪಿನಿಂದ ಕಡಲ ನೀರಾಗದು. ಕಡಲಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದ ಲವಣಗಳೂ ಇವೆ. ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಸಮುದ್ರದ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಒಂದು ದಿನ ಪಂಪಿನಿಂದ ಕಲಕುತ್ತಿರಬೇಕು. ಹೈಡ್ರೋಮೀಟರ್ 1.023ರಿಂದ 1.025ರೊಳಗೆ ತೋರಿಸಿದ ಬಳಿಕವೇ ತೊಟ್ಟಿಗೆ ಸುರಿಯಬೇಕು. ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನಿಂದ ಕಡಲ ನೀರನ್ನೇ ತರೋಣವೆಂದು ನೆಂಟರೊಬ್ಬರು ಹೇಳಿದರು. ಆದರೆ ಮಳೆಗಾಲದಲ್ಲಿ ಅಳಿವೆಯ ಬಳಿ ನದಿಯ ನೀರು ಬೆರೆತು ಉಪ್ಪಿನಂಶ ಇಳಿಯುತ್ತದೆ. ಬಂದರಿನ ಬಳಿ ಎಣ್ಣೆ, ಕೊಳೆಗಳ ಭಯವೂ ಉಂಟು.

ಇನ್ನು ನಮ್ಮ ಕಾಫಿ ಸೀಮೆಗೇ ವಿಶೇಷವಾದ ಒಂದು ಎಚ್ಚರಿಕೆ. ಎಲೆ ತುಕ್ಕು ರೋಗಕ್ಕೆ ನಾವು ಸಿಂಪಡಿಸುವ ಬೋರ್ಡೋ ದ್ರಾವಣವೆಂದರೆ ಮೈಲುತುತ್ತ ಮತ್ತು ಸುಣ್ಣ, ಮೈಲುತುತ್ತದಲ್ಲಿರುವುದು ತಾಮ್ರ. ಕಡಲ ಸೀಗಡಿ, ಶಂಖದ ಹುಳುಗಳಿಗೆ ತಾಮ್ರವು ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ. ಆದುದರಿಂದ ಸಿಂಪಡಣೆಗೆ ಬಳಸಿದ ಬಕೆಟ್ಟನ್ನಾಗಲಿ ತಾಮ್ರದ ಹಂಡೆಯ ನೀರನ್ನಾಗಲಿ ತೊಟ್ಟಿಯ ಹತ್ತಿರ ತರಬಾರದು. ತೋಟದಿಂದ ಬಂದವರು ಕೈ ತೊಳೆಯದೆ ನೀರಿಗೆ ಕೈಯಿಡಬಾರದು. ತೋಟದ ನಡುವಿನ ಒರತೆಯ ನೀರಿನಲ್ಲಿ ಗೊಬ್ಬರದ ಅಂಶವೂ ಇರಬಹುದು. ಆರ್‌ಒ ಯಂತ್ರದಿಂದ ಶೋಧಿಸಿದ ನೀರು ಸುರಕ್ಷಿತ.

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವುದು ನಮಗೆ ಹೊಸತಲ್ಲ. ನೀರಾಡದಿದ್ದರೆ ಮೀನಿಗೂ ಜೀವಾಣುಗಳಿಗೂ ಆಮ್ಲಜನಕ ಸಾಲದು. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪನ್ನು ಮೊದಲೇ ಇಟ್ಟುಕೊಳ್ಳಬೇಕು. ಈ ಮೀನುಗಳಿಗೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಶಾಖ ಹಿತ. ಮಾಗಿಯ ಚಳಿಗೆ ಹೀಟರ್ ಬೇಕೇ ಬೇಕು. ಕರೆಂಟಿಲ್ಲದ ರಾತ್ರಿ ಮೇಲ್ಭಾಗವನ್ನು ಗಾಳಿಗೆ ಬಿಟ್ಟು ಸುತ್ತಲೂ ಕಂಬಳಿ ಹೊದಿಸಿದರೆ ಶಾಖ ಬೇಗ ಇಳಿಯದು.

ಹವಳದ ಆಸೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಹವಳಗಳನ್ನೂ ಕಡಲ್ಗುದುರೆಗಳನ್ನೂ ಸೇರಿಸಲಾಯಿತು. ಮುರುಡೇಶ್ವರದ ಬಳಿಯ ನೇತ್ರಾಣಿಯಂತಹ ದ್ವೀಪಗಳ ಸುತ್ತಲಿನ ಹವಳವು ಅಲ್ಲಿಯೇ ಇರತಕ್ಕದ್ದು. ಮನೆಯ ತೊಟ್ಟಿಗೆ ಸಿರಾಮಿಕ್ ಕಲ್ಲುಗಳು ಸಾಕು. ಮೀನುಗಳನ್ನೂ ಸಾಕಣೆಯಲ್ಲಿ ಹುಟ್ಟಿದವೇ ಎಂದು ಕೇಳಿ ಕೊಳ್ಳಬೇಕು. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲಿಯೇ ಕ್ಲೌನ್ ಮೀನುಗಳ ಮರಿ ಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಈ ಮೀನುಗಳೆಲ್ಲ ಮೊದಲು ಗಂಡು. ಗುಂಪಿನಲ್ಲಿ ಹಿರಿದಾದುದು ಹೆಣ್ಣಾಗುತ್ತದೆ! ಚಿಕ್ಕವೆರಡನ್ನು ತಂದರೆ ಜೋಡಿ ತಾನಾಗಿ ಕೂಡುವುದು.

ನೀರು ಆರಿದಾಗ ಉಪ್ಪು ಆರುವುದಿಲ್ಲ. ಹಾಗಾಗಿ ಗಾಜಿನ ಮೇಲೆ ಗೆರೆಯೆಳೆದು, ಇಳಿದಷ್ಟಕ್ಕೆ ಸಿಹಿನೀರನ್ನೇ ಸೇರಿಸಬೇಕು. ಎರಡು ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ಬದಲಿಸಿ ಹೊಸ ಉಪ್ಪುನೀರು ತುಂಬಬೇಕು. ತೆಗೆದ ನೀರನ್ನು ಕಾಫಿ ಗಿಡದ ಬುಡಕ್ಕೋ ಹಳ್ಳಕ್ಕೋ ಚೆಲ್ಲಬಾರದು. ನಮ್ಮ ತಾಲ್ಲೂಕಿನಲ್ಲಿಯೇ ಹುಟ್ಟುವ ಹೇಮಾವತಿಗೆ ಇಂತಹ ಹಳ್ಳಗಳೇ ನೀರುಣಿಸುವುದು.

ಈ ಸಲ ಮೊಮ್ಮಗನು ಬರಿದಾದ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತಾ, ಪರೀಕ್ಷಾ ಕಿಟ್ಟಿನಿಂದ ನೀರನ್ನು ಅಳೆದು ಪುಸ್ತಕದಲ್ಲಿ ಬರೆದಿಟ್ಟನು. ಅಮೋನಿಯ ಏರಿ ಇಳಿಯಿತು. ಬಳಿಕ ನೈಟ್ರೈಟ್ ಏರಿ ಇಳಿಯಿತು. "ಮೀನೇ ಇಲ್ಲದ ತೊಟ್ಟಿಗೆ ಇಷ್ಟು ಉಪಚಾರವೇ?" ಎಂದು ಬಂದವರು ನಕ್ಕರು. ಎರಡೂ ಸೊನ್ನೆಗೆ ಬಂದು ನಿಂತಾಗ 38 ದಿನಗಳಾಗಿದ್ದವು. ಅಂದು ನಾನೇ, "ಇನ್ನು ಮೀನು ತರೋಣವೇ?" ಎಂದೆನು. ಹುಡುಗನು ಪುಸ್ತಕವನ್ನು ನೋಡಿ, "ಇನ್ನೆರಡು ದಿನ ಅಳೆದು ನೋಡೋಣ ಅಜ್ಜಾ" ಎಂದನು.

ಅತಿಥಿಯನ್ನು ಕರೆಯುವ ಮುನ್ನ ಮನೆಯನ್ನು ಅಣಿಗೊಳಿಸುವುದು ನಮ್ಮ ಹಿರಿಯರ ನಡೆ. ಮಾತು ಬಾರದ ಜೀವಿಯನ್ನು ಕರೆತರುವಾಗ ಆ ಹೊಣೆ ಇಮ್ಮಡಿ. ಅದನ್ನು ಹುಡುಗನು ಎರಡು ಮೀನುಗಳನ್ನು ಕಳೆದುಕೊಂಡು ಕಲಿತನು. ಓದುಗರ ಮನೆಯ ಮಕ್ಕಳು ಆ ಬೆಲೆ ತೆರದೆ ಕಲಿಯಲಿ.