ಶೇಕಡಾ ಎಪ್ಪತ್ತು ಎಂಬ ಭರವಸೆ

ಸೆಪ್ಟೆಂಬರ್ ಸಮೀಪಿಸುತ್ತಿದ್ದಂತೆ ಮುಂಬೈ, ಪುಣೆ, ಹೈದರಾಬಾದ್‌ಗಳ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ತಲೆಯೆತ್ತುತ್ತದೆ. ಮಗನೋ ಮಗಳೋ ವಿದೇಶದ ಎಂ.ಬಿ.ಎ.ಗೆ ಅರ್ಜಿ ಹಾಕಿದರೆ ಸೀಟು ಸಿಕ್ಕೀತೇ? ಅಮೆರಿಕದ ಪ್ರಮುಖ ಬಿಸಿನೆಸ್ ಶಾಲೆಗಳ ಮೊದಲ ಸುತ್ತಿನ ಗಡುವು ಸೆಪ್ಟೆಂಬರಿನಲ್ಲಿ, ಎರಡನೆಯದು ಜನವರಿಯಲ್ಲಿ. ಈ ಎರಡರ ನಡುವೆ ಸಲಹಾ ಕೇಂದ್ರಗಳ ವ್ಯಾಪಾರ ಭರದಿಂದ ಸಾಗುತ್ತದೆ. ಅಂಕಪಟ್ಟಿ, ಜಿಮ್ಯಾಟ್ ಅಂಕ, ಸಂಬಳ ಇಷ್ಟನ್ನು ಒಂದು ನಮೂನೆಯಲ್ಲಿ ತುಂಬಿಸಿಕೊಂಡು "ನಿಮ್ಮ ಅವಕಾಶ ಶೇಕಡಾ 70" ಎಂದು ಬರೆದುಕೊಡುವವರಿದ್ದಾರೆ. ಯಾವ ಆಧಾರದ ಮೇಲೆ ಎಪ್ಪತ್ತು, ಅರವತ್ತೆಂಟು ಏಕಲ್ಲ ಎಂದು ಕೇಳುವ ತಂದೆತಾಯಿಗಳು ವಿರಳ. ಕಿರಾಣಿ ಅಂಗಡಿಯ ಚೀಟಿಯಲ್ಲಿ ಎರಡು ರೂಪಾಯಿ ಹೆಚ್ಚಾದರೆ ಲೆಕ್ಕ ಕೇಳುವ ಮನೆತನಗಳೇ ಕೋಟಿ ರೂಪಾಯಿಯ ಸಾಲಕ್ಕೆ ಬುನಾದಿಯಾಗುವ ಈ ಅಂಕಿಯನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳುತ್ತವೆ.

ಶಾಲೆಗಳು ತಾವೇ ಪ್ರಕಟಿಸುವ ಅಂಕಿಗಳಿಂದ ಆರಂಭಿಸುವುದು ಉಚಿತ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಪ್ರತಿ ವರ್ಷ ಸುಮಾರು 930 ಮಂದಿಯನ್ನು ಸೇರಿಸಿಕೊಳ್ಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಬಂದ ಅರ್ಜಿಗಳು ಎಂಟರಿಂದ ಹತ್ತು ಸಾವಿರ. ಸ್ಟ್ಯಾನ್‌ಫರ್ಡಿನ ತರಗತಿ 425ರ ಆಸುಪಾಸು, ಅರ್ಜಿಗಳು ಆರೇಳು ಸಾವಿರ. ಒಂದರಲ್ಲಿ ಹತ್ತು ಮಂದಿಗೆ ಒಬ್ಬರು, ಇನ್ನೊಂದರಲ್ಲಿ ಹದಿನೈದು ಮಂದಿಗೆ ಒಬ್ಬರು ಎಂದು ಸ್ಥೂಲವಾಗಿ ಹೇಳಬಹುದು. ಇದು ಜಗತ್ತಿನ ಎಲ್ಲ ಅರ್ಜಿದಾರರನ್ನು ಒಟ್ಟುಗೂಡಿಸಿದ ಲೆಕ್ಕ. ಭಾರತದಿಂದ ಎಷ್ಟು ಅರ್ಜಿ ಬಂದವು, ಅವುಗಳಲ್ಲಿ ಎಷ್ಟಕ್ಕೆ ಪ್ರವೇಶ ದೊರೆಯಿತು ಎಂಬುದನ್ನು ಈ ಶಾಲೆಗಳು ಪ್ರಕಟಿಸುವುದಿಲ್ಲ. ಛೇದವೇ ತಿಳಿಯದ ಭಿನ್ನರಾಶಿಗೆ ಶೇಕಡಾವಾರು ಉತ್ತರ ಬರೆದುಕೊಡುವವನು ಗಣಿತ ಮಾಡುತ್ತಿಲ್ಲ, ಕವಡೆ ಹಾಕುತ್ತಿದ್ದಾನೆ.

ಹಾರ್ವರ್ಡಿನಲ್ಲಿ 2021ರಿಂದ ಡೀನ್ ಆಗಿರುವ ಶ್ರೀಕಾಂತ್ ದಾತಾರ್ ಮುಂಬೈಯಲ್ಲಿ ಪದವಿ ಪಡೆದು ಸಿ.ಎ. ಮುಗಿಸಿದವರು. ದೀಪಕ್ ಜೈನ್ ಅಸ್ಸಾಮಿನ ತೇಜ್‌ಪುರದಿಂದ ಹೊರಟು ಕೆಲಾಗ್ ಮತ್ತು ಇನ್‌ಸಿಯಾಡ್ ಎರಡಕ್ಕೂ ಡೀನ್ ಆಗಿದ್ದವರು. ಸಭೆ ಸಮಾರಂಭಗಳಲ್ಲಿ ಈ ಹೆಸರುಗಳನ್ನು ಹೆಮ್ಮೆಯಿಂದ ಉಲ್ಲೇಖಿಸುವುದು ಸಹಜವೇ. ಆದರೆ ಡೀನ್ ಭಾರತೀಯರೆಂಬ ಕಾರಣಕ್ಕೆ ಭಾರತೀಯನ ಅರ್ಜಿಗೆ ಕೃಪಾಂಕ ದೊರೆಯದು. ಭಾರತದ ತಂತ್ರಾಂಶ ಕಂಪನಿಗಳಿಂದ ಬರುವ ಎಂಜಿನಿಯರುಗಳ ಸಾಲು ಎಷ್ಟು ಉದ್ದವಿದೆಯೆಂದರೆ, ಅದರಲ್ಲಿ ನಿಂತ ಒಬ್ಬ ಸಮರ್ಥ ಯುವಕನನ್ನು ಅವನ ಹಿಂದೆ ಮುಂದೆ ನಿಂತವರಿಂದ ಬೇರ್ಪಡಿಸಿ ಗುರುತಿಸುವುದೇ ಪ್ರವೇಶ ಸಮಿತಿಗೆ ಕಷ್ಟ.

ಜಿಮ್ಯಾಟ್ ಕುರಿತ ಮನೆಮಾತುಗಳೂ ಹಳತಾಗಿವೆ. 2023ರ ನವೆಂಬರಿನಲ್ಲಿ ಪರೀಕ್ಷೆಯ ಸ್ವರೂಪ ಬದಲಾಯಿತು. ಹಳೆಯ ಪರೀಕ್ಷೆ 2024ರ ಜನವರಿಯೊಂದಿಗೆ ಮುಗಿಯಿತು. ಹೊಸ ಅಳತೆ 205ರಿಂದ 805ರವರೆಗೆ, ಎಲ್ಲ ಅಂಕಗಳೂ ಐದರಲ್ಲಿ ಕೊನೆಗೊಳ್ಳುತ್ತವೆ. ಹಳೆಯ 700ಕ್ಕೆ ಹೆಚ್ಚುಕಡಿಮೆ ಸಮನಾದ ಸ್ಥಾನ ಹೊಸದರಲ್ಲಿ 645ರ ಸುಮಾರು. ಹತ್ತು ವರ್ಷಗಳ ಹಿಂದೆ ಅಮೆರಿಕಕ್ಕೆ ಹೋದ ಸೋದರಸಂಬಂಧಿ "ಏಳುನೂರು ದಾಟದಿದ್ದರೆ ಅರ್ಜಿಯೇ ಬೇಡ" ಎಂದು ದೂರವಾಣಿಯಲ್ಲಿ ಅಪ್ಪಣೆ ಕೊಡಿಸಿದರೆ, 655 ಪಡೆದ ಹುಡುಗಿ ಕಾರಣವಿಲ್ಲದೆ ಕೈಚೆಲ್ಲುತ್ತಾಳೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಶಾಲೆ ಪ್ರಕಟಿಸಿದ ಸರಾಸರಿಗಿಂತ ಹತ್ತು ಅಂಕ ಹೆಚ್ಚು ಬಂದಿತೆಂದು ಸೀಟು ಖಚಿತವೆಂದುಕೊಳ್ಳುವುದು. ಸರಾಸರಿಯೆಂಬುದು ಒಳಗೆ ಹೋದವರದು. ಅದೇ ಅಂಕ ಪಡೆದು ಹೊರಗುಳಿದವರ ಸಂಖ್ಯೆ ಅದರಲ್ಲಿ ಕಾಣುವುದಿಲ್ಲ. ಅಂಕ ಬಾಗಿಲವರೆಗೆ ಕರೆದೊಯ್ಯುತ್ತದೆ, ಅಷ್ಟೆ.

ಇನ್ನೊಂದು ಲೆಕ್ಕ ಬಹಳ ಮಂದಿಯನ್ನು ದಾರಿ ತಪ್ಪಿಸಿದೆ. ಪ್ರತಿ ಶಾಲೆಯಲ್ಲೂ ಶೇಕಡಾ 10ರ ಅವಕಾಶವಿದ್ದರೆ, ಐದು ಶಾಲೆಗಳಿಗೆ ಅರ್ಜಿ ಹಾಕಿದಾಗ ಒಂದರಲ್ಲಾದರೂ ಸಿಗುವ ಅವಕಾಶ ಶೇಕಡಾ 41 ಎಂದು ಸಲಹೆಗಾರರು ತೋರಿಸುತ್ತಾರೆ. ಗುಣಾಕಾರ ಸರಿಯಾಗಿದೆ, ಐದು ಬಾರಿ ದಾಳ ಎಸೆದಂತೆ ಐದು ಫಲಿತಾಂಶಗಳೂ ಪರಸ್ಪರ ಸಂಬಂಧವಿಲ್ಲದವು ಎಂಬ ಪೂರ್ವಗ್ರಹಿಕೆ ಸರಿಯಿಲ್ಲ. ಐದೂ ಸಮಿತಿಗಳ ಮುಂದೆ ಹೋಗುವುದು ಅದೇ ಅಂಕಪಟ್ಟಿ, ಅದೇ ಶಿಫಾರಸುದಾರ, ಅದೇ ಅಸ್ಪಷ್ಟ ಗುರಿ. ಒಂದು ಸಮಿತಿಗೆ ಕಂಡ ಕೊರತೆ ಉಳಿದ ನಾಲ್ಕಕ್ಕೂ ಕಾಣುವ ಸಂಭವವೇ ಹೆಚ್ಚು. ಶಾಲೆಗಳ ಸಂಖ್ಯೆ ಹೆಚ್ಚಿಸಿದರೆ ಅರ್ಜಿಶುಲ್ಕ ಹೆಚ್ಚುವುದು ಖಚಿತ, ಅವಕಾಶ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ವಾಣಿಜ್ಯ ಓದಿದವರ ಪರಿಸ್ಥಿತಿ ಬೇರೆಯೇ, ಮತ್ತು ಸಲಹಾ ಕೇಂದ್ರಗಳು ಅದನ್ನು ಬಹುಪಾಲು ಅರಿತಿಲ್ಲ. ಮೂರು ವರ್ಷದ ಬಿ.ಕಾಂ. ಪದವಿಯನ್ನು ಹಲವು ಶಾಲೆಗಳು ಒಪ್ಪುತ್ತವೆ, ಕೆಲವು ನಾಲ್ಕು ವರ್ಷದ ಪದವಿಯನ್ನೇ ಕೇಳುತ್ತವೆ. ಶುಲ್ಕ ಕಟ್ಟುವ ಮೊದಲೇ ಶಾಲೆಗೆ ಬರೆದು ಕೇಳಬೇಕಾದ ವಿಷಯವಿದು. 2021ರಲ್ಲಿ ಯು.ಜಿ.ಸಿ. ಚಾರ್ಟರ್ಡ್ ಅಕೌಂಟೆನ್ಸಿಯನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು ಒಪ್ಪಿದ್ದು ನಿಜ, ಆದರೆ ಆ ಮಾತು ವಿದೇಶದ ಶಾಲೆಯನ್ನು ಕಟ್ಟಿಹಾಕುವುದಿಲ್ಲ. ಸಿ.ಎ. ಪರೀಕ್ಷೆಯಲ್ಲಿ ಪ್ರತಿ ಪತ್ರಿಕೆಗೆ ಕನಿಷ್ಠ 40, ಗುಂಪಿಗೆ ಒಟ್ಟು ಶೇಕಡಾ 50 ಬಂದರೆ ಉತ್ತೀರ್ಣ. ಶೇಕಡಾ 56 ಪಡೆದು ಮೊದಲ ಯತ್ನದಲ್ಲೇ ತೇರ್ಗಡೆಯಾದವನನ್ನು ಇಲ್ಲಿ ನೆರೆಹೊರೆಯವರು ಹಾರ ಹಾಕಿ ಸನ್ಮಾನಿಸುತ್ತಾರೆ. ಆ ಪರೀಕ್ಷೆಯ ಕಾಠಿಣ್ಯ ತಿಳಿಯದ ಓದುಗನಿಗೆ ಅದೇ ಅಂಕ ಮಂದ ವಿದ್ಯಾರ್ಥಿಯದೆಂದು ತೋರುತ್ತದೆ. ಎಷ್ಟು ಮಂದಿ ಕುಳಿತರು, ಎಷ್ಟು ಮಂದಿ ತೇರ್ಗಡೆಯಾದರು ಎಂಬುದನ್ನು ಅರ್ಜಿಯಲ್ಲೇ ಎರಡು ಸಾಲಿನಲ್ಲಿ ವಿವರಿಸದಿದ್ದರೆ ನಷ್ಟ ಅರ್ಜಿದಾರನದೇ. ಆರ್ಟಿಕಲ್‌ಶಿಪ್‌ನದೂ ಇದೇ ಕಥೆ. ಅದನ್ನು ಕೆಲಸದ ಅನುಭವವೆಂದು ಎಣಿಸಿಕೊಂಡು ಇಪ್ಪತ್ತಮೂರರ ಯುವಕ ಅರ್ಜಿ ಹಾಕುತ್ತಾನೆ. ಬಹಳಷ್ಟು ಶಾಲೆಗಳು ಎಣಿಸುವುದು ಪದವಿಯ ನಂತರದ ಪೂರ್ಣಾವಧಿ ಕೆಲಸವನ್ನು, ತರಗತಿಯ ಸರಾಸರಿ ಅನುಭವ ಐದು ವರ್ಷದ ಸುಮಾರು. ಇಂಥವನ ಅವಕಾಶ ಕಡಿಮೆಯೆಂದಲ್ಲ, ಅವನ ಕಾಲ ಇನ್ನೂ ಬಂದಿಲ್ಲವೆಂದು ಹೇಳುವುದು ಹೆಚ್ಚು ಸತ್ಯ.

ಕೌಟುಂಬಿಕ ವ್ಯಾಪಾರದಿಂದ ಬರುವವರು ತಮ್ಮನ್ನು ತಾವೇ ಅತಿಯಾಗಿ ಕಡೆಗಣಿಸುತ್ತಾರೆ. ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲೋ ಬೆಳಗಾವಿಯ ಬಿಡಿಭಾಗ ಕಾರ್ಖಾನೆಯಲ್ಲೋ ನಾಲ್ಕು ವರ್ಷ ಸರಕು, ಸಾಲ, ಆಳುಗಳನ್ನು ನಿಭಾಯಿಸಿದ ಯುವಕ, ಪ್ರಸಿದ್ಧ ಕಂಪನಿಯಲ್ಲಿ ಗಣಕದ ಮುಂದೆ ಕುಳಿತವನಿಗಿಂತ ಹೆಚ್ಚಿನ ಹೊಣೆ ಹೊತ್ತಿರುತ್ತಾನೆ. ತೊಡಕಿರುವುದು ದಾಖಲೆಯಲ್ಲಿ. ಮನೆಯವರ ಶಿಫಾರಸು ಪತ್ರಕ್ಕೆ ಬೆಲೆಯಿಲ್ಲ. ತಂದೆ ಬರೆದ ಪ್ರಶಂಸೆಯನ್ನು ಯಾವ ಸಮಿತಿಯೂ ನಂಬದು. ದೀರ್ಘಕಾಲದ ಗ್ರಾಹಕನೊಬ್ಬ, ಸರಕು ಪೂರೈಸುವ ಸಂಸ್ಥೆಯ ಅಧಿಕಾರಿಯೊಬ್ಬ, ಸಾಲ ನೀಡಿದ ಬ್ಯಾಂಕಿನ ವ್ಯವಸ್ಥಾಪಕ ಬರೆದರೆ ಅದಕ್ಕೆ ತೂಕವಿದೆ. ಇದಕ್ಕಿಂತ ಮೂಲದ ತೊಡಕೆಂದರೆ ಲೆಕ್ಕಪುಸ್ತಕದಲ್ಲಿ ಮಗನ ಹೆಸರಿಗೆ ಸಂಬಳವೇ ಇರುವುದಿಲ್ಲ. ಮಗ ದುಡಿಯುತ್ತಾನೆ, ಬೇಕಾದಾಗ ಗಲ್ಲಾಪೆಟ್ಟಿಗೆಯಿಂದ ತೆಗೆದುಕೊಳ್ಳುತ್ತಾನೆ. ಹುದ್ದೆಯಿಲ್ಲ, ನೇಮಕಾತಿ ಪತ್ರವಿಲ್ಲ, ರಿಟರ್ನ್ಸ್‌ನಲ್ಲಿ ವೇತನವಿಲ್ಲ. ಅರ್ಜಿಯ ವರ್ಷ ಹಿಂದಿನ ದಿನಾಂಕ ಹಾಕಿ ಇವನ್ನೆಲ್ಲ ಸೃಷ್ಟಿಸುವ ಆಮಿಷಕ್ಕೆ ಬಲಿಯಾಗುವವರೂ ಇದ್ದಾರೆ. ಪ್ರವೇಶ ದೊರೆತ ಮೇಲೂ ಶಾಲೆಗಳು ಹಿನ್ನೆಲೆ ಪರಿಶೀಲನೆ ನಡೆಸುತ್ತವೆ, ಸುಳ್ಳು ಹೊರಬಿದ್ದರೆ ಸೀಟು ಹೋಗುತ್ತದೆ. ಮಗನಿಗೆ ಮೂರು ವರ್ಷ ಮುಂಚೆಯೇ ಕ್ರಮವಾಗಿ ಸಂಬಳ ಕೊಡಲಾರಂಭಿಸುವುದು ಇದಕ್ಕಿಂತ ಅಗ್ಗದ ಉಪಾಯ.

ಮಗಳ ವಿಷಯದಲ್ಲಿ ಮನೆಗಳು ಅವಕಾಶದ ಅಂದಾಜನ್ನೇ ಮಾಡುವುದಿಲ್ಲ ಎಂಬುದು ಇನ್ನೂ ಶೋಚನೀಯ. ಹಾರ್ವರ್ಡಿನ ಇತ್ತೀಚಿನ ತರಗತಿಗಳಲ್ಲಿ ಮಹಿಳೆಯರು ಶೇಕಡಾ 45ರ ಸುಮಾರು. ಸಮಾನ ಅರ್ಹತೆಯ ಅಣ್ಣನಿಗಿಂತ ತಂಗಿಯ ಅರ್ಜಿ ಗುಂಪಿನಲ್ಲಿ ಬೇಗ ಕಣ್ಣಿಗೆ ಬೀಳುವ ಸಂಭವವಿದೆ. ಆದರೆ ಇಪ್ಪತ್ತೇಳರ ಮಗಳ ಬಗ್ಗೆ ಕೇಳಲಾಗುವ ಪ್ರಶ್ನೆ ಬೇರೆ. "ಮದುವೆಯಾದ ಮೇಲೆ ಗಂಡನ ಮನೆಯವರು ಓದಿಸುತ್ತಾರೆ" ಎಂಬ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಮದುವೆಗೆಂದು ಕೂಡಿಟ್ಟ ಹಣ ಒಡೆಯದ ಮನೆಯೇ ಮಗನ ಓದಿಗೆ ಸೈಟು ಅಡವಿಡುತ್ತದೆ.

ಪ್ರವೇಶದ ಅವಕಾಶ ಒಂದು, ಸಾಲ ತೀರಿಸುವ ಅವಕಾಶ ಇನ್ನೊಂದು. ಎರಡನೆಯದರ ಅಂದಾಜನ್ನು ಯಾವ ಸಲಹಾ ಕೇಂದ್ರವೂ ಬರೆದುಕೊಡುವುದಿಲ್ಲ. ಹಾರ್ವರ್ಡಿನ ಸ್ವಂತ ಅಂದಾಜಿನಂತೆ ಒಂಟಿ ವಿದ್ಯಾರ್ಥಿಯ ವಾರ್ಷಿಕ ವೆಚ್ಚ 1.2 ಲಕ್ಷ ಡಾಲರಿಗೂ ಹೆಚ್ಚು. ಎರಡು ವರ್ಷಕ್ಕೆ ಎರಡು ಕೋಟಿ ರೂಪಾಯಿ ದಾಟುತ್ತದೆ. ವಿದ್ಯಾರ್ಥಿವೇತನ ಕಳೆದು ಒಂದು ಕೋಟಿ ಸಾಲ ಉಳಿಯಿತೆನ್ನೋಣ. ಶೇಕಡಾ 11ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 1,37,750 ರೂಪಾಯಿ. ಓದುವ ಕಾಲದ ಬಡ್ಡಿ ಅಸಲಿಗೆ ಸೇರಿದರೆ ಇನ್ನೂ ಹೆಚ್ಚು. ಅಲ್ಲೇ ಡಾಲರಿನ ಕೆಲಸ ಸಿಕ್ಕಿದರೆ ಈ ಕಂತು ಹಗುರ. ಬೆಂಗಳೂರಿಗೋ ಮುಂಬೈಗೋ ಮರಳಬೇಕಾದರೆ ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು ಅಲ್ಪ. ಆದಾಯ ತೆರಿಗೆ ಕಾಯ್ದೆಯಲ್ಲಿ ಶಿಕ್ಷಣ ಸಾಲಕ್ಕಿರುವ ಸೌಲಭ್ಯ ಎಂಟು ವರ್ಷದ ಬಡ್ಡಿಗೆ ಮಾತ್ರ, ಅಸಲಿಗಿಲ್ಲ. ಸೋದರಮಾವ ಕೊಟ್ಟ ಸಾಲದ ಬಡ್ಡಿಗೆ ಅದು ಅನ್ವಯಿಸುವುದಿಲ್ಲ, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೂ ಇಲ್ಲ.

ಅಲ್ಲಿಯ ಕೆಲಸವೇ ಈಗ ರಾಜಕೀಯದ ಕೈಯಲ್ಲಿದೆ. ಎಚ್-1ಬಿ ವೀಸಾದ ವಾರ್ಷಿಕ ಮಿತಿ 65,000, ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. ಆಯ್ಕೆಯ ಖಾತರಿ ಯಾರಿಗೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ಅಲ್ಲೇ ಓದಿ ವೀಸಾ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸದೆಂಬ ಸ್ಪಷ್ಟನೆ ಅಕ್ಟೋಬರಿನಲ್ಲಿ ಬಂತು; ಆ ನಡುವಿನ ತಿಂಗಳು ಎಷ್ಟು ಮನೆಗಳ ನಿದ್ದೆಗೆಡಿಸಿತೋ! ಬ್ರಿಟನ್ ಪದವಿಯ ನಂತರದ ಎರಡು ವರ್ಷದ ವಾಸವನ್ನು 2027ರ ಜನವರಿಯಿಂದ ಹದಿನೆಂಟು ತಿಂಗಳಿಗೆ ಇಳಿಸುತ್ತಿದೆ. ಇಂದು ಅರ್ಜಿ ಹಾಕುವವನು ಪದವಿ ಪಡೆಯುವ ಹೊತ್ತಿಗೆ ನಿಯಮ ಹೇಗಿರುತ್ತದೆಂದು ಯಾರೂ ಬಲ್ಲವರಲ್ಲ. ಆದ್ದರಿಂದ ಮರಳಿ ಬಂದರೂ ತೀರಿಸಬಹುದಾದಷ್ಟೇ ಸಾಲ ಎಂಬ ಮಿತಿಯನ್ನು ಮೊದಲು ನಿಗದಿಪಡಿಸಿ, ಶಾಲೆಗಳ ಪಟ್ಟಿಯನ್ನು ಅನಂತರ ಸಿದ್ಧಪಡಿಸುವುದು ಕ್ರಮ. ಆ ಮಿತಿಯಲ್ಲಿ ಹೈದರಾಬಾದಿನ ಐ.ಎಸ್.ಬಿ., ಐ.ಐ.ಎಂ.ಗಳ ಒಂದು ವರ್ಷದ ಕೋರ್ಸು, ಇನ್‌ಸಿಯಾಡಿನ ಹತ್ತು ತಿಂಗಳ ಕೋರ್ಸುಗಳನ್ನು ಅಮೆರಿಕದ ಎರಡು ವರ್ಷದೊಂದಿಗೆ ಹೋಲಿಸಿ ನೋಡಿದವರಿಗೆ ಅವುಗಳ ಅರ್ಥ ಬೇರೆಯಾಗಿ ಕಾಣುತ್ತದೆ.

ಸರ್ಕಾರದಿಂದ ನಿರೀಕ್ಷಿಸಬಹುದಾದದ್ದು ಕಡಿಮೆಯಾಗಿದೆ. ಅಲ್ಪಸಂಖ್ಯಾತ ಸಮುದಾಯಗಳ ಬಡ ವಿದ್ಯಾರ್ಥಿಗಳ ವಿದೇಶಿ ಶಿಕ್ಷಣ ಸಾಲಕ್ಕೆ ಬಡ್ಡಿ ಸಹಾಯ ನೀಡುತ್ತಿದ್ದ ಕೇಂದ್ರದ 'ಪಢೋ ಪರದೇಶ್' ಯೋಜನೆ, 2014ರಲ್ಲಿ ಅಲ್ಪಸಂಖ್ಯಾತ ಸ್ಥಾನ ಪಡೆದ ಜೈನರಿಗೂ ಅನ್ವಯಿಸುತ್ತಿತ್ತು. 2022–23ರಿಂದ ಅದನ್ನು ನಿಲ್ಲಿಸಲಾಯಿತು. 2024ರ ಪಿ.ಎಂ. ವಿದ್ಯಾಲಕ್ಷ್ಮಿ ದೇಶದೊಳಗಿನ ಸಂಸ್ಥೆಗಳಿಗಷ್ಟೇ ಮೀಸಲು. ಯೋಜನೆ ನಿಂತಾಗ ಸಮಾಜದ ಮುಖಂಡರಿಂದ ಗಟ್ಟಿಯಾದ ಪ್ರತಿಭಟನೆ ಕೇಳಿಬರಲಿಲ್ಲ. ಪಂಚಕಲ್ಯಾಣದ ಆಮಂತ್ರಣ ಪತ್ರಿಕೆಯಲ್ಲಿ ಮಂತ್ರಿಗಳ ಹೆಸರು ಮುದ್ರಿಸಲು ತೋರುವ ಉತ್ಸಾಹದ ಕಾಲುಭಾಗ ಸಾಕಿತ್ತು.

ಉಳಿದದ್ದು ಸಮಾಜದ ವಿದ್ಯಾನಿಧಿಗಳು. ಅವು ಸಾಮಾನ್ಯವಾಗಿ ಜೂನ್‌ನಲ್ಲಿ ಅರ್ಜಿ ಕರೆಯುತ್ತವೆ, ಪ್ರವೇಶಪತ್ರ ತಂದವರಿಗೆ ಇಬ್ಬರು ಜಾಮೀನುದಾರರ ಸಹಿ ಪಡೆದು ಸಾಲ ನೀಡುತ್ತವೆ. ಆ ಹೊತ್ತಿಗೆ ಎಲ್ಲ ನಿರ್ಧಾರಗಳೂ ಮುಗಿದಿರುತ್ತವೆ. ಅದೇ ನಿಧಿಯ ಚಿಕ್ಕ ಪಾಲನ್ನು ಒಂದು ವರ್ಷ ಮುಂಚಿತವಾಗಿ ವ್ಯಯಿಸಬಹುದು: ಜಿಮ್ಯಾಟ್ ಶುಲ್ಕಕ್ಕೆ, ಎರಡು ಮೂರು ಅರ್ಜಿಗಳ ಶುಲ್ಕಕ್ಕೆ. ಪ್ರಮುಖ ಶಾಲೆಗಳಲ್ಲಿ ಒಂದು ಅರ್ಜಿಗೇ 250 ಡಾಲರಿನಷ್ಟು ತೆರಬೇಕಾಗುತ್ತದೆಯಾದ್ದರಿಂದ ಬಡ ಮನೆಯ ಮಕ್ಕಳು ಅಲ್ಲಿಗೇ ನಿಲ್ಲುತ್ತಾರೆ. ವಿದೇಶದಲ್ಲಿ ಓದಿ ಬಂದ ಐದಾರು ಮಂದಿ, ಒಬ್ಬ ಬ್ಯಾಂಕ್ ಅಧಿಕಾರಿ, ಒಬ್ಬ ಲೆಕ್ಕಪರಿಶೋಧಕ ಕೂಡಿದ ಸಮಿತಿಯೊಂದು ಆಗಸ್ಟ್‌ನಲ್ಲಿ ಒಂದು ಭಾನುವಾರ ಕುಳಿತು ಬಂದವರ ಕಾಗದಪತ್ರ ನೋಡಿದರೆ ಸಾಕು. ಸೀಟು ಸಿಕ್ಕರೂ ಸಿಗದಿದ್ದರೂ ಆ ಸಮಿತಿಗೆ ಒಂದು ಪೈಸೆಯ ಲಾಭವಿಲ್ಲ. ಉಚಿತ ಸಲಹೆ ಎಂದು ಫಲಕ ಹಾಕಿಕೊಂಡು ವಿಶ್ವವಿದ್ಯಾಲಯಗಳಿಂದ ಕಮಿಷನ್ ಪಡೆಯುವ ಏಜೆಂಟರಿಗೆ ಹೇಳಲಾಗದ ಒಂದು ಮಾತನ್ನು ಅದು ಹೇಳಬಲ್ಲದು: ಈ ವರ್ಷ ಬೇಡ, ಇನ್ನೆರಡು ವರ್ಷ ದುಡಿದು ಬಾ.